ಮೇಜಿನ ಕೆಳಗೆ ಏಳು ವರ್ಷ

ಮಾರ್ಚ್ ೩, ಸೋಮವಾರ. ಮಧ್ಯಾಹ್ನ

ಬಲಗಡೆಯ ದವಡೆ ಹಲ್ಲಿನ ಕುಳಿಗೆ ಎರಡನೆಯ ಸಲ ಸಿಮೆಂಟು ತುಂಬಿಸಿಕೊಂಡು ಬಂದೆ. ನಾಲಗೆ ಇನ್ನೂ ಮರಗಟ್ಟಿದೆ. ಬರೆಯಲು ಅದರ ಅಗತ್ಯವಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ದಂತವೈದ್ಯರ ಕೋಣೆಯಲ್ಲಿ ಹೊಸದೊಂದು ಭಾವಚಿತ್ರ. ಗೂಢಚಾರರನ್ನು ಅಣಕಿಸುತ್ತಿದ್ದ ಆ ಹಳೆಯ ದೂರದರ್ಶನ ಧಾರಾವಾಹಿಯ ನಾಯಕನಟನದು. ಒಂದು ಕಡೆ ಕಿತ್ತುಬಂದ ಸುಳ್ಳು ಮೀಸೆ, ಅದರ ಮೇಲೆ ಏನೂ ಅರಿಯದ ಆ ಮುಖ. ಬರುವ ೧೬ಕ್ಕೆ ಆತ ತೀರಿಕೊಂಡು ಒಂದು ವರ್ಷ. ವೈದ್ಯರೇ ಅಭಿಮಾನಿಗಳ ಕೂಟದ ಅಧ್ಯಕ್ಷರಂತೆ. ನನ್ನ ಬಾಯಿಗೆ ಹತ್ತಿ ತುರುಕಿ, ಕೈಯಲ್ಲಿ ಚಿಮಟ ಹಿಡಿದು, ಆತನ ಪ್ರಸಿದ್ಧ ಮೌನವನ್ನು ಅಭಿನಯಿಸಿ ತೋರಿಸಿದರು. ಗೂಢಚಾರ ಶತ್ರುಗಳ ಜಲಾಂತರ್ಗಾಮಿಯಲ್ಲಿ ಸಿಕ್ಕಿಬೀಳುತ್ತಾನೆ. "ಯಾರು ನೀನು?" ಎಂದು ಗದರುತ್ತಾರೆ. ಮನೆಪಾಠ ಮಾಡದ ಹುಡುಗನಂತೆ ಮೂರು ಸೆಕೆಂಡು ನಿಲ್ಲುತ್ತಾನೆ. ಆಮೇಲೆ ಬಹು ಗಾಂಭೀರ್ಯದಿಂದ, "ನೀರಿನ ಮೀಟರ್ ನೋಡೋಕೆ ಬಂದೆ" ಅನ್ನುತ್ತಾನೆ.

"ಆ ಮೂರು ಸೆಕೆಂಡು ಇದೆಯಲ್ಲ ಸಾರ್, ಅದನ್ನ ಯಾರೂ ಕಲಿಸೋಕಾಗಲ್ಲ. ಹುಟ್ಟಿನಿಂದಲೇ ಬರಬೇಕು" ಎಂದರು ವೈದ್ಯರು.

ಬಾಯಿ ತುಂಬ ಹತ್ತಿ. ಹೂಂ ಎನ್ನುವುದೂ ಕಷ್ಟ, ಉಹೂಂ ಎನ್ನುವುದೂ ಕಷ್ಟ.

ಹತ್ತಿ ತೆಗೆದ ಮೇಲೆ ತಿಳಿಸಿದೆ: ಆ ಧಾರಾವಾಹಿಯಲ್ಲಿ ನಾನೂ ಇದ್ದೆ. ಯಾವ ಪಾತ್ರವೆಂದು ಕೇಳಿದರು. ಪಾತ್ರವಲ್ಲ, ಮೇಜಿನ ಕೆಳಗೆ ಇದ್ದೆ ಎಂದೆ. ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡೇ ಚಿತ್ರೀಕರಿಸುತ್ತಿದ್ದರು; ನಟರು ಮರೆತ ಮಾತನ್ನು ಮರೆಯಲ್ಲಿ ಕುಳಿತು ಪಿಸುದನಿಯಲ್ಲಿ ಎತ್ತಿಕೊಡುವ ಕೆಲಸ, ಅದಕ್ಕೇ ಅಲ್ಲಿ ಎಲ್ಲರಿಗೂ ನಾನು 'ಮೇಷ್ಟ್ರು'. ಏಳು ವರ್ಷ. ಮೇಜಿನ ಕೆಳಗೆ, ಕಪಾಟಿನೊಳಗೆ, ಪರದೆಯ ಹಿಂದೆ, ಒಮ್ಮೆ ಪೀಪಾಯಿಯಲ್ಲಿ. ವೈದ್ಯರು ಕೈಗವಸು ಕಳಚಿ ನನ್ನ ಕೈ ಕುಲುಕಿದರು. ೧೬ರ ಸ್ಮರಣೆಯ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಲೇಬೇಕಂತೆ.

ಒಪ್ಪಿಕೊಂಡೆ.

ಮಾರ್ಚ್ ೪. ಬೆಳಗ್ಗೆ

ಯಾರಿಗೂ ಗೊತ್ತಿಲ್ಲದ ಸಂಗತಿ ಇರುವುದು ಒಂದೇ. ಆ ಮೂರು ಸೆಕೆಂಡು ಪ್ರತಿಭೆಯಲ್ಲ — ಮರೆವು. ಆತನಿಗೆ ಮಾತು ನೆನಪಿರುತ್ತಿರಲಿಲ್ಲ. ನಾನು ಸಾಲು ಹುಡುಕಿ, ಆತನಿಗೆ ತಕ್ಕ ಒಂದು ಬೈಗುಳವನ್ನೂ ಸೇರಿಸಿ ಪಿಸುಗುಟ್ಟಲು ಹಿಡಿಯುತ್ತಿದ್ದ ಕಾಲ ಅದು. ಜನ ನಕ್ಕರು. ಹೊಗಳಿಕೆ ಆತನಿಗೆ ಹೋಯಿತು. ನನಗೆ ಬಂದದ್ದು ಮಂಡಿನೋವು.

ಮನೆಯಾಕೆಗೆ ಸಭೆಯ ವಿಚಾರ ಹೇಳಿದೆ. "ಹೇಳಿಬಿಡಿ. ನಾನಿಲ್ದೆ ಅವನಿಲ್ಲ ಅಂತ ನಲವತ್ತು ವರ್ಷದಿಂದ ನನಗೊಬ್ಬಳಿಗೇ ಹೇಳ್ತಿದೀರಿ. ನನ್ನ ಕಿವಿಗೂ ರಜೆ ಸಿಗಲಿ" ಎಂದಳು.

ಮಾರ್ಚ್ ೯, ಭಾನುವಾರ

ಭಾಷಣ ಸಿದ್ಧವಾಯಿತು. ನಾಲ್ಕು ಸಲ ತಿದ್ದಿದ್ದೇನೆ. ಮನೆಯಾಕೆ ಬಟ್ಟೆ ಮಡಿಸುತ್ತ ಪೂರ್ತಿ ಕೇಳಿದಳು. "ನಾನು" ಎಂಬುದು ಎಷ್ಟು ಸಲ ಬಂದಿದೆ ಎಣಿಸಿ ಎಂದಳು. ಎಣಿಸಿದೆ. ಹತ್ತೊಂಬತ್ತು. ಹನ್ನೊಂದಕ್ಕೆ ಇಳಿಸಿದ್ದೇನೆ. ಅದಕ್ಕಿಂತ ಕೆಳಗೆ ಇಳಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ.

ಔಚಿತ್ಯದ ಮಾತೊಂದು ಉಳಿದಿದೆ. ಮುಂದಿನ ಸಾಲಿನಲ್ಲಿ ಆತನ ತಂಗಿ ಕೂರುತ್ತಾರೆ. ಅವರಿಗೆ ಮೊದಲೇ ಓದಿ ತೋರಿಸದೆ ಸಭೆಯಲ್ಲಿ ಓದುವುದು ಸಭ್ಯತೆಯಲ್ಲ.

ಮಾರ್ಚ್ ೧೨, ಬುಧವಾರ. ಸಂಜೆ

ಹೋಗಿ ಬಂದೆ.

ಆಕೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾರೆ. ಕೋಣೆಯ ತುಂಬ ಅಂಟಿನ ವಾಸನೆ, ಕತ್ತರಿಸಿದ ಕಾಗದದ ಪಟ್ಟಿಗಳು. ಒಂದು ಕುರ್ಚಿ ಖಾಲಿ ಮಾಡಿ ಕೂರಿಸಿದರು. ಓದತೊಡಗಿದೆ. ಎರಡನೆಯ ಪುಟ ತಲುಪುವ ಮೊದಲೇ ಆಕೆ ಸೂಜಿ ಕೆಳಗಿಟ್ಟು ನಗಲಾರಂಭಿಸಿದರು.

"ಮರೆವಾ? ಅಣ್ಣ ಬಚ್ಚಲಲ್ಲಿ ಎಲ್ಲರ ಮಾತೂ ಒಬ್ಬನೇ ಹೇಳ್ತಿದ್ದ ಮೇಷ್ಟ್ರೇ. ಶತ್ರುಗಳದ್ದೂ ಸೇರಿ. ಪಕ್ಕದ ಮನೆಯೋರಿಗೂ ಬಾಯಿಪಾಠ ಆಗಿತ್ತು."

ಆಮೇಲೆ ಮೇಲಿನ ಹಲಗೆಯಿಂದ ಒಂದು ದಪ್ಪ ಪುಸ್ತಕ ಇಳಿಸಿದರು. ಅಣ್ಣನ ಸಂಭಾಷಣೆಯ ಹಾಳೆಗಳನ್ನೆಲ್ಲ ವರ್ಷವರ್ಷವೂ ಈಕೆಯೇ ರಟ್ಟು ಕಟ್ಟಿಟ್ಟಿದ್ದಾರೆ. ಅಂಚಿನಲ್ಲಿ ಸೀಸದ ಕಡ್ಡಿಯ ಬರಹ. ಆತನದೇ ಅಕ್ಷರ. "ಇಲ್ಲಿ ಮರೆಯುವುದು." ಮತ್ತೊಂದು ಪುಟದಲ್ಲಿ, "ಇಲ್ಲಿಯೂ." ಇನ್ನೊಂದು ಕಡೆ — "ಈ ವಾರ ಮರೆಯಬಾರದು. ಮೇಷ್ಟ್ರಿಗೆ ಕೆಮ್ಮು."

ಏಕೆ ಎಂದು ಕೇಳಿದೆ.

ಧಾರಾವಾಹಿಯ ಎರಡನೆಯ ತಿಂಗಳು ವ್ಯವಸ್ಥಾಪಕರು, ಇಲ್ಲಿ ಯಾರೂ ಮಾತು ಮರೆಯುತ್ತಿಲ್ಲ, ನೆನಪಿಸಲು ಒಬ್ಬ ಆಳೇಕೆ ಎಂದಿದ್ದರಂತೆ. ನನ್ನ ಮಗಳು ಹುಟ್ಟಿ ಆಗ ಮೂರು ವಾರ. ಮರುದಿನದ ಚಿತ್ರೀಕರಣದಲ್ಲಿ ಆತ ಮೊದಲ ಸಲ ಮರೆತ. ಆ ವಾರವೇ ಎರಡನೆಯ ಸಲ.

"ಆಮೇಲೆ ನಿಮಗೋಸ್ಕರ ಅಲ್ಲ ಬಿಡಿ" ಎಂದರು. "ಮೇಷ್ಟ್ರು ಕೆಳಗಿಂದ ಬೈದಾಗ ನನ್ನ ಮುಖ ತಾನಾಗೇ ಹಾಗಾಗುತ್ತೆ ಕಣೇ, ಆ ಮುಖ ಬೇರೆ ಎಲ್ಲಿಂದ ತರಲಿ, ಅಂತಿದ್ದ ಅಣ್ಣ."

ಕೊಟ್ಟ ಕಾಫಿಯನ್ನು ಕುಡಿಯದೆ ಬಂದಿದ್ದೇನೆ. ಅದು ಕೂಡ ಸಭ್ಯತೆಯಲ್ಲ.

ಮಾರ್ಚ್ ೧೫, ಶನಿವಾರ

ಎರಡು ದಿನ ಬರೆಯಲಿಲ್ಲ. ಭಾಷಣವನ್ನು ಹರಿದುಹಾಕಿದೆ.

ಮೊದಲು ಬಂದದ್ದು ಸಿಟ್ಟು. ಏಳು ವರ್ಷ ನನ್ನನ್ನು ನನಗೇ ಗೊತ್ತಾಗದಂತೆ ಸಾಕಿದ. ನಾನೋ, ಆತನ ದಡ್ಡತನವನ್ನು ನಾನು ಸಾಕುತ್ತಿದ್ದೇನೆಂದು ಬೀಗುತ್ತಿದ್ದೆ. ಆ ಕೆಮ್ಮಿನ ವಾರ ಮಾತ್ರ ಚೆನ್ನಾಗಿ ನೆನಪಿದೆ. ಇವನಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡಿದ್ದೆ.

ಈಗ ಏನು ಹೇಳುವುದು? ಸುಮ್ಮನೆ ನಾಲ್ಕು ಒಳ್ಳೆಯ ಮಾತಾಡಿ ಇಳಿಯಬಹುದು. ಹುಟ್ಟುಪ್ರತಿಭೆ ಎಂದರೆ ವೈದ್ಯರಿಗೂ ಸಂತೋಷ. ನಿಜ ಹೇಳಿದರೆ ಇನ್ನೂರು ಜನರೆದುರು ನಾನು ಯಾರು — ಒಬ್ಬ ನಟನ ಕನಿಕರದಿಂದ ಸಂಬಳ ಎಣಿಸಿದವನು.

ಮನೆಯಾಕೆಗೆ ಎಲ್ಲವನ್ನೂ ಹೇಳಿದೆ. "ಅವರು ಬದುಕಿದ್ದಾಗಲೇ ಗೊತ್ತಾಗಿದ್ರೆ ಒಂದು ದಿನ ಊಟಕ್ಕಾದ್ರೂ ಕರೀಬಹುದಿತ್ತು. ಈಗ ಊಟಕ್ಕೆ ಕರೆಯೋ ಹಾಗಿಲ್ಲ. ಹೇಳೋದೊಂದೇ ಉಳಿದಿರೋದು ರೀ" ಎಂದಳು.

ಮಾರ್ಚ್ ೧೬, ಭಾನುವಾರ. ಸಂಜೆ ಏಳು

ಈಗಷ್ಟೇ ಮನೆ ಸೇರಿದೆ. ಅಂಗಿಯನ್ನೂ ಬದಲಿಸಿಲ್ಲ.

ಸಭಾಂಗಣದ ಬಾಗಿಲಲ್ಲೇ ವೈದ್ಯರು ಒಂದು ಬುಟ್ಟಿ ಹಿಡಿದು ನಿಂತಿದ್ದರು. ಬಂದವರಿಗೆಲ್ಲ ಒಂದೊಂದು ಸುಳ್ಳು ಮೀಸೆ. ಹೆಂಗಸರೂ ಅಂಟಿಸಿಕೊಂಡರು. ಮನೆಯಾಕೆಗೆ ಬಹಳ ಚೆನ್ನಾಗಿ ಒಪ್ಪುತ್ತಿತ್ತು. ನಾನು ಬೇಡವೆಂದೆ. ಹಲವರು ಆತನ ನಡಿಗೆ ನಡೆದು ತೋರಿಸಿದರು. ಹೊಲಿಗೆಯಂಗಡಿಯ ಹೆಂಗಸೊಬ್ಬಳು, ಆ ಧಾರಾವಾಹಿ ನೋಡುತ್ತ ಇಸ್ತ್ರಿ ಪೆಟ್ಟಿಗೆ ಮರೆತು ಮೂರು ಗಿರಾಕಿಗಳ ಷರಾಯಿ ಸುಟ್ಟದ್ದನ್ನು ಹೆಮ್ಮೆಯಿಂದ ನೆನೆದಳು.

ಆಮೇಲೆ ನನ್ನನ್ನು ಕರೆದರು. ಕೈಯಲ್ಲಿ ಕಾಗದವಿರಲಿಲ್ಲ. ಅವರು ಯಾವುದನ್ನೂ ಮರೆಯಲಿಲ್ಲ ಎಂದು ಆರಂಭಿಸಿದೆ. ವ್ಯವಸ್ಥಾಪಕರ ಮಾತು, ಮೂರು ವಾರದ ಮಗು, ಅಂಚಿನ ಬರಹ, ಕೆಮ್ಮು — ಇದ್ದದ್ದನ್ನು ಇದ್ದಂತೆ ಹೇಳಿದೆ. ಉಳಿದದ್ದು ನನ್ನ ಕೆಲಸ, ಉಳಿಸಿದ್ದು ಅವರು ಎಂದೆ. ಅವರನ್ನು ದಡ್ಡ ಎಂದುಕೊಂಡೇ ನಲವತ್ತು ವರ್ಷ ಕಳೆದೆ ಎಂಬುದನ್ನೂ ಬಿಡಲಿಲ್ಲ.

ಇನ್ನೂರು ಮೀಸೆಗಳು ಅಲ್ಲಾಡದೆ ಕುಳಿತಿದ್ದವು. ಕೆಟ್ಟೆ ಎಂದುಕೊಂಡೆ.

ಹಿಂದಿನ ಸಾಲಿನಿಂದ ಆ ಹೊಲಿಗೆಯಾಕೆ ಎದ್ದು ನಿಂತಳು. "ಅದಿರಲಿ ಸಾರ್, ಕೆಳಗಿಂದ ಏನಂತ ಬೈತಿದ್ರಿ?"

ಬೇರೆ ದಾರಿಯಿರಲಿಲ್ಲ. ಧ್ವನಿವರ್ಧಕಕ್ಕೆ ಬಾಯಿ ಹತ್ತಿರ ತಂದು, ಅದೇ ಪಿಸುದನಿಯಲ್ಲಿ ಹೇಳಿದೆ:

"ನೀರಿನ ಮೀಟರ್, ಮಹಾಶಯರೇ, ನೀರಿನ ಮೀಟರ್. ಇಷ್ಟನ್ನು ಹಿಡಿದಿಡಲಾಗದ ಶಿರಸ್ಸನ್ನು ತಾವು ಕೇವಲ ಟೋಪಿಯ ಅನುಕೂಲಕ್ಕಾಗಿ ಇರಿಸಿಕೊಂಡಿರುವಿರೇನು?"

ಮೊದಲು ನಕ್ಕದ್ದು ತಂಗಿ. ಆಮೇಲೆ ಯಾರು ಮೊದಲು ಯಾರು ಅನಂತರ ಎಂದು ಹೇಳಲಾರೆ. ವೈದ್ಯರ ಮೀಸೆ ಉದುರಿ ಮುಂದಿನವರ ಹೆಗಲ ಮೇಲೆ ಬಿತ್ತು. ಇನ್ನೊಂದು, ಇನ್ನೊಂದು ಎಂದು ಕೂಗಿದರು. ಹದಿನಾಲ್ಕು ಬೈಗುಳ ಹೇಳಿದೆ. ಒಂದೂ ಮರೆತಿರಲಿಲ್ಲ.

ಮನೆಯಾಕೆ ಊಟಕ್ಕೆ ಕರೆಯುತ್ತಿದ್ದಾಳೆ. ಇದೊಂದನ್ನು ಬರೆದು ಏಳುತ್ತೇನೆ. ಏಳು ವರ್ಷವೂ ಜನರ ನಗು ನನಗೆ ತಲೆಯ ಮೇಲಿನ ಹಲಗೆಯ ಮೂಲಕ ಕೇಳುತ್ತಿತ್ತು. ಅದು ಎದುರಿನಿಂದ ನೇರವಾಗಿ ಬಂದಾಗ ನನ್ನ ಮುಖವೂ ತಾನಾಗೇ ಆತನ ಮುಖದ ಹಾಗಾಗಿರಬೇಕು.