ಪರದೆ ಬಿದ್ದ ಮೇಲಿನ ಚಿತ್ರ

ಭಾನುವಾರ, ಮಧ್ಯಾಹ್ನ

ನನ್ನ ಪ್ರೀತಿಯ ಅಮ್ಮನಿಗೆ,

ನಿನ್ನ ಮಂಡಿ ನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ. ಕೆತ್ತನೆ ಅಂಗಡಿಯ ಕೆಲಸ ಕೈಗೆ ಹತ್ತಿದೆ. ಉಗುರಿನ ಸಂದಿಯ ಮಸಿ ಮಾತ್ರ ಯಾವ ಸೋಪಿಗೂ ಜಗ್ಗುವುದಿಲ್ಲ. ಅಪ್ಪನ ಸುದ್ದಿ ಎತ್ತಬೇಡ ಎಂದು ನೀನು ಹೇಳಿದ್ದು ನೆನಪಿದೆ. ಈ ಒಂದು ಸಲ ಕೊನೆಯವರೆಗೆ ಓದು.

ಹಳೆಯ ರಂಗನಟರನ್ನು ಅವರವರ ವೇಷದಲ್ಲೇ ತಾಮ್ರದ ತಗಡಿನ ಮೇಲೆ ಕೆತ್ತಿದ ಚಿತ್ರಗಳನ್ನು ನಮ್ಮ ಯಜಮಾನರು ಮತ್ತೆ ಅಚ್ಚು ಹಾಕಿಸುತ್ತಿದ್ದಾರೆ. ತಗಡಿಗೆ ಮಸಿ ಬಳಿದು ಒರೆಸುವುದು ನನ್ನ ಕೆಲಸ. ಅವುಗಳಲ್ಲಿ ಅಪ್ಪನವೇ ಹೆಚ್ಚು. ಒರೆಸಿದಂತೆಲ್ಲ ಅಪ್ಪ ಒಮ್ಮೆ ಕಳ್ಳನಾಗಿ, ಒಮ್ಮೆ ಸನ್ಯಾಸಿಯಾಗಿ, ಒಮ್ಮೆ ಕುಡುಕ ಮಂತ್ರಿಯಾಗಿ ಮೂಡಿ ಬರುತ್ತಾರೆ. "ನಿಮ್ಮಪ್ಪನ ಮೂಗು ಕೆತ್ತೋದ್ರಲ್ಲೇ ನನ್ನ ಅರ್ಧ ಆಯಸ್ಸು ಕಳೀತು" ಎಂದು ಯಜಮಾನರು ನಗುತ್ತಾರೆ.

ಮೊನ್ನೆ ಕಪಾಟಿನ ತಳದಲ್ಲಿ ಇನ್ನೊಂದು ತಗಡು ಸಿಕ್ಕಿತು. ಅಪ್ಪ ರಾಜನ ವೇಷದಲ್ಲಿ ನೆಲದ ಮೇಲೆ ಕೂತಿದ್ದಾರೆ. ಕಿರೀಟ ಪಕ್ಕಕ್ಕೆ ಉರುಳಿದೆ. ಅಂಟಿಸಿದ ಮೀಸೆ ಒಂದು ಕಡೆ ಕಿತ್ತು ಬಂದಿದೆ. ಎದೆಗೆ ಬಟ್ಟೆಯ ಗಂಟೊಂದನ್ನು ಅವಚಿಕೊಂಡಿದ್ದಾರೆ. ಇದು ಯಾವ ನಾಟಕ ಎಂದು ಕೇಳಿದೆ. ಯಜಮಾನರ ನಗು ನಿಂತಿತು.

"ನಾಟಕ ಅಲ್ಲಮ್ಮ. ನಿನ್ನ ತಮ್ಮ ತೀರಿಕೊಂಡ ದಿನದ್ದು. ಅವತ್ತಿನ ನಾಟಕದ ಕೊನೇ ದೃಶ್ಯದಲ್ಲಿ ರಾಜ ಸತ್ತ ಮಗನ್ನ ಎತ್ಕೊಂಡು ಅಳ್ಬೇಕು. ಮಗು ಅಂತ ಬಟ್ಟೆ ಗಂಟು ಕೊಡ್ತಿದ್ರು. ಪರದೆ ಬಿತ್ತು, ಜನ ಎದ್ದು ಹೋದ್ರು, ನಿಮ್ಮಪ್ಪ ಏಳ್ಲೇ ಇಲ್ಲ. ಕೈಯಿಂದ ಗಂಟು ಬಿಡಿಸ್ಕೊಳ್ಳೋಕೆ ಹೋದ್ರೆ, ಬೇಡಿ, ಮಗೂಗೆ ಚಳಿ ಆಗುತ್ತೆ ಅಂದ್ರು. ನನಗೇನು ಮಾಡ್ಬೇಕೋ ತಿಳೀಲಿಲ್ಲ. ಕೂತು ಚಿತ್ರ ಬರ್ಕೊಂಡೆ. ಕೆತ್ತಿದ ಮೇಲೆ ಮಾರೋಕೆ ಮನಸ್ಸು ಬರ್ಲಿಲ್ಲ."

ಅಮ್ಮ, ಮಗನನ್ನು ಮಣ್ಣು ಮಾಡಿ ಬಂದ ಕೈಯಲ್ಲೇ ಮುಖಕ್ಕೆ ಬಣ್ಣ ಹಚ್ಚಿದ ಕಲ್ಲೆದೆಯವನು ಎಂದು ನೀನು ನನ್ನನ್ನು ಕರೆದುಕೊಂಡು ಆ ಮನೆ ಬಿಟ್ಟೆ. ತಪ್ಪೆನ್ನಲಾರೆ. ಮನೆಯಲ್ಲಿ ಅವರ ಕಣ್ಣು ಒದ್ದೆಯಾದದ್ದನ್ನು ನಾನೂ ಕಂಡಿರಲಿಲ್ಲ.

ತಗಡು ಸಿಕ್ಕ ಸಂಜೆಯೇ ಅಪ್ಪನ ಕೋಣೆಗೆ ಹೋಗಿ ಕೇಳಿದೆ. ಸ್ಟವ್ ಮೇಲೆ ಹಾಲಿಟ್ಟು ಕೂತಿದ್ದರು. "ನಿಮ್ಮಮ್ಮ ಕುಸಿದು ಹೋಗಿದ್ಲು. ನಾನೂ ಅತ್ರೆ ಅವಳನ್ನ ಯಾರು ಹಿಡ್ಕೋತಾರೆ ಅಂತ ತಡ್ಕೊಂಡೆ. ಆಮೇಲೆ ಆಗ್ಲಿಲ್ಲ. ರಂಗದ ಮೇಲೆ ಅತ್ರೆ ಯಾರೂ ಏನೂ ಕೇಳಲ್ವಲ್ಲ, ಅದಕ್ಕೇ ಹೋದೆ" ಎಂದರು. ಹಾಲು ಉಕ್ಕಿ ಸ್ಟವ್ ಆರಿಹೋಯಿತು. ಇಬ್ಬರೂ ಏಳಲಿಲ್ಲ.

ಆ ಚಿತ್ರದ ಒಂದು ಪ್ರತಿ ಇದರ ಜೊತೆಗಿದೆ. ಬಾ ಎಂದು ಕರೆಯುತ್ತಿಲ್ಲ. ಒಮ್ಮೆ ನೋಡು, ಅಷ್ಟೇ.

ನಿನ್ನ ಮಗಳು,
ಪುಟ್ಟಿ

ತಾ.ಕ.: ಇದನ್ನು ನಿನಗೆ ಕಳಿಸಕೂಡದೆಂದು ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಮುರಿದಿದ್ದೇನೆ. ಅವರು ಹೇಳಿದ್ದು ಇಷ್ಟು: "ನನ್ನ ಮೇಲಿನ ಸಿಟ್ಟನ್ನೇ ಕೋಲಿನ ಹಾಗೆ ಊರ್ಕೊಂಡು ಅವಳು ಇಷ್ಟು ವರ್ಷ ನಡೆದಿದಾಳೆ. ಅದನ್ನೂ ಕಿತ್ಕೋಬೇಡ ಮಗಳೇ."