ಸಂಘದಲ್ಲಿ ಉಳಿದ ಹೆಸರು

ಇಜೇರಿ

ಪ್ರಿಯ ರಾಧಿಕಾ,

ಸಂಘದ ಕೂಲಿಕಾರರ ಹೆಸರು ಸೇರಿಸಲು ನಾನು ಬರೆದ ಪ್ರೋಗ್ರಾಂ ಎಲ್ಲ ಮುಗಿಯಿತೆಂದು ತೋರಿಸಿದರೂ, ಡೇಟಾಬೇಸಿನಲ್ಲಿ ಅರ್ಧ ಹೆಸರುಗಳೇ ಇರಲಿಲ್ಲ. “ನಾ ಇನ್ನಾ ಜಿಂದಾ ಅದೇನಿ, ನನ್ನ ಯಾಕ ತೆಗದಿ ಲೇ?” ಎಂದು ಮಾಣಿಕಮ್ಮ ತುಂಬಿದ ಸಭೆಯಲ್ಲಿ ಕೇಳಿದಳು.

ಹೆಸರುಗಳನ್ನು ಒಂದೊಂದಾಗಿ ಸೇರಿಸುವ ಜಾವಾಸ್ಕ್ರಿಪ್ಟಿನ ಲೂಪು ಒಬ್ಬರ ಹೆಸರು ದಾಖಲಾಗುವ ಮೊದಲೇ ಮುಂದಿನವರತ್ತ ಓಡಿ, ಯಾರಿಗೂ ಕಾಯದೆ ಕೆಲಸ ಮುಗಿಸುತ್ತಿತ್ತು. ಹಿಂದುಳಿದವರನ್ನು ಬಿಟ್ಟು ಓಡುವುದು ಚಳವಳಿಯಲ್ಲವೆಂದು ಕರಪತ್ರದಲ್ಲಿ ಓದಿದವನು ನಾನು. ಈಗ ಪ್ರತಿ ಹೆಸರಿಗೂ ‘ಅವೇಟ್’, ಅಂದರೆ ‘ಕಾಯಿ’ ಎಂಬ ಆಜ್ಞೆ, ಹಾಕಿದ್ದೇನೆ. ಎಲ್ಲರೂ ಸೇರಿದ್ದಾರೆ.

ಮಣ್ಣೂರಿನ ಶಾಲೆಗೆ ಶಿಕ್ಷಕಿಯಾಗಿ ಹೊರಟಾಗ ನೀನು ನಿನ್ನ ಹೆಸರು ಅಳಿಸಲು ಹೇಳಿದ್ದೆ. ಅಳಿಸಿಲ್ಲ. ಸಂಘ ಬಿಡುವವರು ಸಭೆಗೆ ಬಂದು ಎಲ್ಲರೆದುರು ಹೇಳಬೇಕೆಂಬ ನಿಯಮ ಮಾಡಿದವಳು ನೀನೇ.

ಶುಕ್ರವಾರ ಸಭೆಯಿದೆ. ಬಸ್ಸು ಎಷ್ಟೇ ತಡವಾಗಲಿ, ನೀನು ಇಳಿಯುವವರೆಗೆ ಆರಂಭಿಸುವುದಿಲ್ಲ.

ಜೈ ಭೀಮ್,
ಪ್ರಬುದ್ಧ