ಕ್ಲಚ್ ಕಾಲಿಗೊಂದು ಮಷಿನ್

6 ಜೂನ್ 1983, ಸೋಮವಾರ. ಬೆಳಿಗ್ಗೆ

ಎದ್ದೆ. ಎಡಗಾಲು ಏಳಲಿಲ್ಲ. ಅದಕ್ಕಿನ್ನೂ ರಜೆ.

ಗೋಪಮ್ಮ ಚಹಾ ಕೊಟ್ಟು, ಬುತ್ತಿ ಕಟ್ಟಿಕೊಂಡು ಚಂದ್ರಬಂಡದ ಸ್ಕೂಲಿಗೆ ಹೋದಳು. ಟೀಚರಮ್ಮನಿಗೆ ಬೇಸಿಗೆ ರಜೆ ಮುಗಿಯಿತು. ಹೆಂಡತಿ ಬಸ್ ಹತ್ತಿ ಹೋಗುವುದು, ಬಸ್ ಡ್ರೈವರ್ ಮನೆಯಲ್ಲಿ ಕೂತು ನೊಣ ಹೊಡೆಯುವುದು... ಚೆನ್ನಾಗಿದೆ ಸಂಸಾರ.

ಪ್ಲಾಸ್ಟರ್ ಬಿಚ್ಚಿ ವಾರವಾಯಿತು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದು ಒಂದು ನಾಯಿಗೂ ತಾಗಿಸಿದವನಲ್ಲ. ಮಾನ್ವಿ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಟಾಪ್ ಹತ್ತಿ, ಯಾರದೋ ಟ್ರಂಕ್ ಸರಿಮಾಡಲು ಹೋಗಿ, ಕೆಳಗೆ ಬಿದ್ದು ತೊಡೆ ಮುರಿದುಕೊಂಡೆ. ಆಕ್ಸಿಡೆಂಟಾ ಅಂತ ಕೇಳಿದವರಿಗೆ ಹೂಂ ಅಂದುಬಿಡುತ್ತೇನೆ. ನಿಂತ ಬಸ್ಸು ಅಂತ ಹೇಳುವುದಿಲ್ಲ.

ತೊಡೆ ಒಣಗಿ ಜೋಳದ ದಂಟಾಗಿದೆ. ಮಂಡಿ ಅರ್ಧ ಮಡಚಿ ನಿಲ್ಲುತ್ತದೆ. ಮೂಳೆ ಡಾಕ್ಟರು ಎರಡು ಕಸರತ್ತು ಹೇಳಿದ್ದಾರೆ. ಕುರ್ಚಿಯಲ್ಲಿ ಕೂತು, ಪಾದಕ್ಕೆ ಭಾರ ಹಾಕಿ, ಕಾಲು ಮೇಲಕ್ಕೆತ್ತುವುದು ಒಂದು. ಬೋರಲು ಮಲಗಿ, ಭಾರ ಹಾಕಿ, ಹಿಂದಕ್ಕೆ ಮಡಚುವುದು ಇನ್ನೊಂದು. ಆಗಸ್ಟಿನಲ್ಲಿ ಮೆಡಿಕಲ್ ಟೆಸ್ಟ್. ಫಿಟ್ ಅಂದರೆ ಬಸ್. ಇಲ್ಲ ಅಂದರೆ ಡಿಪೊ ಗೇಟಿನಲ್ಲಿ ಒಂದು ಕುರ್ಚಿ, ಒಳಗೆ ಬರುವ ಬಸ್ಸಿನ ನಂಬರ್ ಬರೆದುಕೊಳ್ಳುವ ಕೆಲಸ. ಪಗಾರ ಅದೇ ಇರುತ್ತದಲ್ಲ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ.

ನನಗೆ ಬಸ್ ಬೇಕು.

7 ಜೂನ್, ಸಂಜೆ

ಯಂಕೋಬ ಬಂದಿದ್ದ. ನನ್ನ ಕಂಡಕ್ಟರ್. ನಾನು ಬಿದ್ದ ಮೇಲೆ ಅವನನ್ನು ಹೈದರಾಬಾದ್ ರೂಟಿಗೆ ಹಾಕಿದ್ದಾರೆ. ಅಲ್ಲಿಯ ಕಸರತ್ತಿನ ಸಾಮಾನಿನ ಅಂಗಡಿಯಿಂದ ಬಣ್ಣದ ಚಿತ್ರಗಳ ಹಾಳೆ ತಂದ. ಕಾಲಿನ ಮಷಿನ್ ಮೂರು ತರಹ. ಕೂತು ಕಾಲು ಎತ್ತುವುದು, ಮಲಗಿ ಕಾಲು ಮಡಚುವುದು, ಎರಡೂ ಒಂದರಲ್ಲೇ ಆಗುವುದು. ಮೂರನೆಯದರ ಕೆಳಗೆ ‘ಕಾಂಬಿನೇಷನ್’ ಅಂತ ಇದೆ. ಚಿತ್ರದ ಗಂಡಸಿನ ತೊಡೆ ನೋಡಿ ಗೋಪಮ್ಮ ನಕ್ಕಳು.

"ಇನ್ಮ್ಯಾಲ ಇದು ಮನಿ ಅಲ್ಲಲೇ, ಪೈಲ್ವಾನರ ತಾಲೀಮು" ಅಂದ ಯಂಕೋಬ. "ಕೆಂಪು ಮಣ್ಣು ಹಾಕ್ಸಿಬಿಡು."

ಹೈದರಾಬಾದಿನಿಂದ ತರಿಸುವ ಮಾತೇ ಇಲ್ಲ, ನಮ್ಮ ಪಗಾರಕ್ಕೆ ನಿಲುಕುವುದಲ್ಲ. ಚಿತ್ರ ಇದೆಯಲ್ಲ, ಜಿಲಾನಿ ಪಾಷಾ ಮಾಡುತ್ತಾನೆ. ಗೇಟು, ಮಂಚ, ಬಂಡಿಯ ಅಚ್ಚು ಎಲ್ಲ ಮಾಡುವವನು ಇದನ್ನು ಮಾಡಲಾರನೇ?

12 ಜೂನ್, ಭಾನುವಾರ

ಬೆಳಗಿನಿಂದ ವಾದ.

ಪಡಸಾಲೆಯಲ್ಲಿ ಜೋಳದ ದೊಡ್ಡ ತಗಡಿನ ಡಬ್ಬಿಗೂ ಬಾಗಿಲಿಗೂ ನಡುವೆ ಒಂದೇ ಮಷಿನ್ ಹಿಡಿಯುತ್ತದೆ. ಕೂತು ಎತ್ತುವುದು ಸಾಕು ಅಂತ ನಾನು. ಸಣ್ಣದು, ಚೊಕ್ಕಟ. ಕಾಂಬಿನೇಷನ್ ಉದ್ದ. ಹಾಸಿಗೆಯಷ್ಟು ಜಾಗ ತಿನ್ನುತ್ತದೆ.

"ಡಾಕ್ಟರು ಎರಡು ಹೇಳ್ಯಾರ. ನೀವು ಒಂದ ಕೇಳ್ಸ್ಕೊಂಡೀರಿ" ಅಂದಳು ಗೋಪಮ್ಮ.

"ಕ್ಲಚ್ ಮುಂದಕ್ಕ ತುಳೀತಾರ. ಹಿಂದಕ್ಕ ಮಡಚಿ ಯಾವ ಬಸ್ ನಡೀತದ?"

"ಕಾಲು ಇರೋದು ಕ್ಲಚ್ಚಿಗೆ ಅಷ್ಟ ಏನ್ರಿ?"

ಹೌದು, ಅಷ್ಟಕ್ಕೇ. ಡ್ರೈವರ್ ಅಲ್ಲದವರಿಗೆ ತಿಳಿಯುವುದಿಲ್ಲ. ಆಕೆ ಸೆರಗು ಸಿಕ್ಕಿಸಿ, ಡಬ್ಬಿಯನ್ನು ಒಬ್ಬಳೇ ಎಳೆದೆಳೆದು ಅಡುಗೆಮನೆಗೆ ಸೇರಿಸಿದಳು. ನಾನು ಊರುಗೋಲು ಹಿಡಿದು ನೋಡುತ್ತ ನಿಂತೆ. ಹಾಗಾಗಿ ಕಾಂಬಿನೇಷನ್ನೇ ಅಂತ ತೀರ್ಮಾನ.

15 ಜೂನ್

ರಿಕ್ಷಾದಲ್ಲಿ ಜಿಲಾನಿಯ ವೆಲ್ಡಿಂಗ್ ಶಾಪಿಗೆ ಹೋದೆ. ಚಿತ್ರ ನೋಡಿ, ತಿರುವಿ ನೋಡಿ, "ಭಾಳ ಸಿಂಪಲ್ ಭಾಯ್" ಅಂದ. ಉದ್ದ ಬೆಂಚು. ತುದಿಯಲ್ಲಿ ತೂಗಾಡುವ ಒಂದು ಕಬ್ಬಿಣದ ತೋಳು. ತೋಳಿಗೆ ಎರಡು ರೋಲರ್. ಕೂತಾಗ ಕೆಳಗಿನದಕ್ಕೆ ಪಾದ ಕೊಟ್ಟು ಎತ್ತುವುದು, ಬೋರಲು ಮಲಗಿದಾಗ ಮೇಲಿನದಕ್ಕೆ ಹಿಮ್ಮಡಿ ಕೊಟ್ಟು ಎಳೆಯುವುದು. ಭಾರಕ್ಕೆ ಗಂಜ್ ಮಾರುಕಟ್ಟೆಯ ಹಳೆಯ ತೂಕದ ಕಲ್ಲುಗಳು.

ಹೊರಡುವಾಗ ಗೋಡೆಗೆ ಆನಿಸಿಟ್ಟಿದ್ದು ಕಣ್ಣಿಗೆ ಬಿತ್ತು. ಡ್ರೈವರ್ ಸೀಟು. ಹರಾಜಾದ ಯಾವುದೋ ಬಸ್ಸಿನದು, ಗುಜರಿಯಲ್ಲಿ ತಂದಿದ್ದಾನೆ. ರೆಗ್ಜಿನ್ ಹರಿದಿದೆ, ಬೆನ್ನು ಗಟ್ಟಿ ಇದೆ. ಕೈಯಿಟ್ಟೆ. ಸರಿಸಿ ಕೂತೆ. ಎದ್ದು ಬರಲು ಮನಸ್ಸಾಗಲಿಲ್ಲ.

"ಇದನ್ನ ಬೆಂಚಿನ ಮ್ಯಾಲ ಬಿಗಿ, ಜಿಲಾನಿ ಭಾಯ್."

"ಇದಕ್ಕ ಬೆನ್ನು ಅದ ಅಲ್ಲಾ. ಮಲಗೋದು ಹ್ಯಾಂಗ?"

"ಅದು ಆಮ್ಯಾಲ ನೋಡೋಣು. ಮದ್ಲು ಕುಂದ್ರಾಕ ಬರ್ಲಿ."

ಅವನಿಗೂ ಹುರುಪು ಬಂತು. ಸೀಟು ಎಷ್ಟು ಎತ್ತರ, ಪಾದ ಎಷ್ಟು ಮುಂದೆ, ಎಲ್ಲ ಬಸ್ಸಿನಲ್ಲಿದ್ದಂತೆಯೇ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡ. ಗೋಪಮ್ಮನಿಗೆ ಹೇಳಿಲ್ಲ. ಬಂದಾಗ ನೋಡುತ್ತಾಳೆ.

26 ಜೂನ್, ಭಾನುವಾರ

ಮಷಿನ್ ಬಂತು. ತಳ್ಳುಗಾಡಿಯ ಮೇಲೆ, ಮದುವೆ ಸಾಮಾನಿನ ಹಾಗೆ. ಓಣಿ ಪೂರ್ತಿ ನೋಡಿತು. ಎದುರು ಮನೆಯ ಖಾಸಿಂ ಬೀ, "ಎಲ್ಲಿಗೆ ಹೊಂಟದ ಭಾಯಿ ಈ ಬಸ್ಸು?" ಅಂತ ಕೇಳಿದಳು.

ಕೂತೆ. ಕೈ ತಾನಾಗಿ ಗೇರಿಗೆ ಹೋಯಿತು. ಗೇರ್ ಇರಲಿಲ್ಲ. ಪರವಾಗಿಲ್ಲ.

ಗೋಪಮ್ಮ ಒಂದು ಸುತ್ತು ಹಾಕಿದಳು. "ಮಲಗೋದು ಎಲ್ಲದ?"

"ಸೀಟಿನ ತಳಗ ಅದ. ಬೇಕಾದಾಗ ಬಿಚ್ಚಿದ್ರಾತು."

ಆಕೆ ಕೊಡ ಎತ್ತಿಕೊಂಡು ನಳಕ್ಕೆ ಹೋದಳು. ಬೈದಿದ್ದರೆ ಜಗಳವಾಡಬಹುದಿತ್ತು.

14 ಜುಲೈ

ದಿನಾ ಬೆಳಿಗ್ಗೆ ಸಂಜೆ ನಡೆದಿದೆ. ಎಣಿಸುವುದು ಬೇಸರ. ಅದಕ್ಕೇ ರೂಟ್ ಹಾಕಿಕೊಂಡಿದ್ದೇನೆ. ರಾಯಚೂರು ಬಿಟ್ಟರೆ ಕಲ್ಮಲಾ ತನಕ ಕಾಲು ಎತ್ತುವುದು, ಇಳಿಸುವುದು. ಅಲ್ಲಿ ಒಂದು ಸ್ಟಾಪ್. ಮತ್ತೆ ಕುರ್ಡಿ ಕ್ರಾಸ್ ತನಕ. ಮಾನ್ವಿ ಮುಟ್ಟುವಷ್ಟರಲ್ಲಿ ಅಂಗಿ ತೊಯ್ದಿರುತ್ತದೆ. ತೊಡೆ ತುಂಬಿಕೊಳ್ಳುತ್ತಿದೆ, ಒತ್ತಿದರೆ ತಿಳಿಯುತ್ತದೆ.

ಕೆಳಗೆ ಕೂಡುವುದೊಂದು ಬರುವುದಿಲ್ಲ. ಪಾಯಖಾನೆಗೆ ಮರದ ಕುರ್ಚಿಯೊಂದರ ನಡು ಕೊಯ್ದು ಇಟ್ಟಿದೆ. ಅದು ಮನೆಯ ವಿಷಯ. ಡ್ಯೂಟಿಗೂ ಅದಕ್ಕೂ ಸಂಬಂಧವಿಲ್ಲ.

8 ಆಗಸ್ಟ್

ಯಂಕೋಬ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ನಿಲ್ಲಿಸಿದ್ದ ಬಸ್ಸಿಗೆ ಹತ್ತಿಸಿದ. ಕ್ಲಚ್ ತುಳಿದೆ. ತಳ ಮುಟ್ಟಿತು. ಹಿಡಿದೇ ಇದ್ದೆ, ಕಾಲು ನಡುಗಲಿಲ್ಲ.

"ಆತು ಬಿಡಲೇ. ನೀ ಪಾಸ್" ಅಂದ ಅವನು.

ಬರುವಾಗ ಗೋಪಮ್ಮನಿಗೆ ಮಲ್ಲಿಗೆ ತಂದೆ. ಮುಡಿದುಕೊಂಡಳು. "ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ ಬರ್ರಿ" ಅಂದಳು. ಹೇಗೂ ಟೆಸ್ಟಿನ ಡಾಕ್ಟರ್ ನೋಡುತ್ತಾರಲ್ಲ.

17 ಆಗಸ್ಟ್, ಬುಧವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಟೆಸ್ಟಿನ ಡಾಕ್ಟರ್ ವಯಸ್ಸಾದವರು. ಕಾಲೆತ್ತು ಅಂದರು, ಎತ್ತಿದೆ. ಅಂಗೈ ಕೊಟ್ಟು ತುಳಿ ಅಂದರು. ತುಳಿದೆ. ಅವರ ಕುರ್ಚಿಯೇ ಹಿಂದೆ ಸರಿಯಿತು. ಮನಸ್ಸಿನಲ್ಲೇ ಯೂನಿಫಾರ್ಮ್ ಇಸ್ತ್ರಿಗೆ ಕೊಟ್ಟಾಗಿತ್ತು.

"ಛಲೋ ಆಗ್ಯಾದ. ಈಗ ಕುಕ್ಕರಗಾಲಿನ್ಯಾಗ ಕೂಡ್ರಿ."

"ಯಾಕ್ರಿ ಸರ್?"

"ದಾರಿಯಾಗ ಗಾಲಿ ಪಂಕ್ಚರ್ ಆದ್ರ ಯಾರು ಕುಂತು ಬಿಚ್ಚಬೇಕು? ಬಸ್ಸಿನ ಬುಡಕ ಯಾರು ನೋಡಬೇಕು?"

ಮೇಜು ಹಿಡಿದು ಬಗ್ಗಿದೆ. ಅರ್ಧಕ್ಕೆ ಮಂಡಿ ನಿಂತಿತು. ಇನ್ನೂ ಬಗ್ಗಿದೆ. ಹಿಂದಕ್ಕೆ ಬಿದ್ದೆ.

"ಮತ್ತ ಬೆಳಿಗ್ಗೆ ಹ್ಯಾಂಗ ಮಾಡ್ತೀರಿ?"

ಕುರ್ಚಿಯ ವಿಷಯ ಹೇಳಿದೆ. ಕಾಂಪೌಂಡರ್ ಬಾಯಿ ಮುಚ್ಚಿಕೊಂಡು ಹೊರಗೆ ಹೋದ. ಡಾಕ್ಟರ್ ನಗಲಿಲ್ಲ. ಏನು ಕಸರತ್ತು ಮಾಡಿದಿರಿ ಅಂತ ಕೇಳಿದರು. ಮಷಿನ್ ವಿಷಯ ಹೇಳಿದೆ. ಆಗಲೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೇನೋ.

"ಮಲಗಿ ಮಡಚೋದು?"

"ಅದರ ಮ್ಯಾಲ ಸೀಟ್ ಕೂಡಿಸೀನ್ರಿ."

"ಯಾವ ಸೀಟು?"

ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಎರಡು ತಿಂಗಳು ಬಿಟ್ಟು ಬಾ, ಅದೇ ಕೊನೆಯದು, ಆಮೇಲೆ ಗೇಟು ಅಂದರು.

18 ಆಗಸ್ಟ್

ಊಟ ಸೇರಲಿಲ್ಲ. ಯಂಕೋಬ ಬಂದ. ಮಲಗಿದ್ದಾರೆ ಅಂತ ಹೇಳಿಸಿದೆ.

21 ಆಗಸ್ಟ್, ಭಾನುವಾರ

ಈ ಮೂರು ದಿನ ಗೋಪಮ್ಮ ‘ನಾ ಹೇಳಿರ್ಲಿಲ್ಲಾ’ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಇವತ್ತು ಜಿಲಾನಿಯ ಅಂಗಡಿಯಿಂದ ನಟ್ಟು ಬಿಚ್ಚುವ ಪಾನಾ ತಂದು ನನ್ನ ಮುಂದಿಟ್ಟಳು.

"ಬಸ್ ಬೇಕೋ, ಸೀಟ್ ಬೇಕೋ?"

"ಒಂದು ವೇಳೆ ಬಸ್ ಸಿಗಲಿಲ್ಲಂದ್ರ? ಈ ಸೀಟಾದ್ರೂ ಇರ್ಲಿ ನನ್ನ ಬುಡಕ."

ಹೇಳಿದ ಮೇಲೆ ಗೊತ್ತಾಯಿತು, ಮೊದಲಿನಿಂದಲೂ ಇದೇ ಹೆದರಿಕೆ ಅಂತ. ಅಳು ಬಂತು. ತಡೆಯಲಿಲ್ಲ. ಆಕೆ ಪಕ್ಕದಲ್ಲಿ ಕೂತಳು.

"ಗೇಟಿನ ಕುರ್ಚಿ ಬಂದ್ರೂ ನನಗ ಬ್ಯಾಸ್ರ ಇಲ್ರಿ. ಆದ್ರ ನೀವು ಅಲ್ಲಿ ಕುಂತು ಬಂದ ಡ್ರೈವರಿಗೆಲ್ಲಾ ಬಯ್ತೀರಿ. ಮನಿಗೆ ಬಂದು ನನಗ ಬಯ್ತೀರಿ. ನನಗ ಗೊತ್ತದ."

ನಗು ಬಂತು. ನಟ್ಟು ತುಕ್ಕು ಹಿಡಿದು ಕೂತಿತ್ತು. ಇಬ್ಬರೂ ಸೇರಿ ತಿರುವಿದೆವು. ಸೀಟು ಜಿಲಾನಿಯ ಅಂಗಡಿಗೆ ವಾಪಸ್ ಹೋಯಿತು. ಅವನು ಹಲಗೆ ತಂದು, ಮೇಲೆ ಹತ್ತಿ ತುಂಬಿ, ರೆಗ್ಜಿನ್ ಹೊಡೆದುಕೊಟ್ಟ. ಈಗ ಚಿತ್ರದಲ್ಲಿದ್ದಂತೆ ಇದೆ.

6 ಸೆಪ್ಟೆಂಬರ್

ಬೋರಲು. ಗಲ್ಲ ಹಲಗೆಗೆ, ಹಿಮ್ಮಡಿ ರೋಲರಿಗೆ. ಮುಂದಕ್ಕೆ ಎತ್ತುವಾಗ ಪೈಲ್ವಾನನಂತಿದ್ದ ಕಾಲು ಹಿಂದಕ್ಕೆ ಅಂದರೆ ಮೊಂಡು ಹಿಡಿಯುತ್ತದೆ. ಅತಿ ಸಣ್ಣ ಕಲ್ಲೇ ಭಾರ. ನೋವು ಮಂಡಿಯ ಹಿಂದೆ, ಒಳಗೆ.

ಬಾಗಿಲು ಮುಚ್ಚಿದರೆ ಸೆಖೆ. ತೆಗೆದರೆ ಓಣಿ.

"ಏನ್ ಭಾಯಿ, ಬಸ್ ಪಲ್ಟಿ ಆತೇನು?" — ಖಾಸಿಂ ಬೀ.

"ಹೌದವ್ವಾ. ಎಬ್ಬಸಾಕತ್ತೀನಿ."

25 ಸೆಪ್ಟೆಂಬರ್

ಕಸರತ್ತು ಮುಗಿದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಕೂಡುವುದು. ಗೋಪಮ್ಮ ಸ್ಕೂಲಿನಿಂದ ಬಂದವಳೇ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ನನ್ನ ಎರಡೂ ಕೈ ಹಿಡಿಯುತ್ತಾಳೆ. "ಬರ್ರಿ ತಳಗ. ಇನ್ನಾ ಸ್ವಲ್ಪ. ಬೀಳಲ್ರಿ, ನಾ ಹಿಡ್ದೀನಿ." ಒಂದನೇ ಕ್ಲಾಸಿನವರಿಗೆ ಹೇಳುವ ದನಿ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಹಿಮ್ಮಡಿ ಇನ್ನೂ ಎದ್ದೇ ಇರುತ್ತದೆ. ಅವಳ ಕೈ ಬಿಟ್ಟರೆ ಬೀಳುತ್ತೇನೆ.

10 ಅಕ್ಟೋಬರ್

ಪಾಯಖಾನೆಯ ಕುರ್ಚಿ ಹೊರಗೆ ಹಾಕಿದೆ. ಖಾಸಿಂ ಬೀ ತನ್ನ ಅತ್ತೆಗೆ ಬೇಕೆಂದು ತೊಳೆದು ಒಯ್ದಳು. ಏಳುವಾಗ ಮಾತ್ರ ಗೋಡೆ ಹಿಡಿಯಬೇಕು. ಟೆಸ್ಟಿನಲ್ಲಿ ಗೋಡೆ ಕೊಡುತ್ತಾರೋ ಇಲ್ಲವೋ.

19 ಅಕ್ಟೋಬರ್, ಬುಧವಾರ

ಅದೇ ಡಾಕ್ಟರು, ಅದೇ ಕಾಂಪೌಂಡರ್. ಅವನು ಇವತ್ತು ಹೊರಗೆ ಹೋಗಲಿಲ್ಲ, ನೋಡುತ್ತ ನಿಂತ.

ಕೋಣೆಯ ನಡುವೆ ನಿಂತೆ. ಹಿಡಿಯಲು ಏನೂ ಇಲ್ಲ. ಕೂತೆ. ಹಿಮ್ಮಡಿ ನೆಲ ಮುಟ್ಟಿತು.

"ಏಳ್ರಿ."

"ಒಂದ್ ನಿಮಿಷ ಇರ್ರಿ ಸರ್."

ಏಳಲಾಗದೆ ಅಲ್ಲ. ಹಾಗೆ ಸಲೀಸಾಗಿ ಕೂತು ಎಷ್ಟೋ ತಿಂಗಳಾಗಿತ್ತು. ಮಂಡಿಯ ಮೇಲೆ ಕೈಯಿಟ್ಟು, ಕಟ್ಟೆಯ ಮೇಲೆ ಹರಟುವವನ ಹಾಗೆ ಕೂತಿದ್ದೆ. ಡಾಕ್ಟರು ಪೆನ್ನು ಹಿಡಿದು ಕಾದರು. ಆಮೇಲೆ ಎದ್ದೆ. ಸ್ವಲ್ಪ ವಾಲಿದೆ. ಏನನ್ನೂ ಹಿಡಿಯಲಿಲ್ಲ.

ಫಿಟ್.

ಗೋಪಮ್ಮ ಸ್ಕೂಲಿಗೆ ರಜೆ ಹಾಕಿ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಹೇಳುವ ಮೊದಲೇ ನನ್ನ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ತಿಂದೆವು.

24 ಅಕ್ಟೋಬರ್, ಸೋಮವಾರ. ಗೂಗಲ್, ಮಧ್ಯಾಹ್ನ

ಬಸ್ಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಈಗ ನನಗೆ ಈ ರೂಟ್ ಹಾಕಿದ್ದಾರೆ; ದೇವದುರ್ಗದ ಆಚೆ, ಹೊಳೆ ದಂಡೆಯ ಈ ಊರಲ್ಲಿ ಹಾಲ್ಟ್. ಜನ ಇಳಿದು ಅಲ್ಲಮಪ್ರಭುವಿನ ಗುಡಿ ಕಡೆ ಹೋದರು. ಯಂಕೋಬ ಕೇಳಿಕೊಂಡು ನನ್ನ ಬಸ್ಸಿಗೇ ವಾಪಸ್ ಬಂದಿದ್ದಾನೆ. ಹೊಳೆಯಲ್ಲಿ ಮುಖ ತೊಳೆಯಲು ಹೋಗಿದ್ದಾನೆ.

ಡಿಪೊದಲ್ಲಿ ಮೊದಲ ಸಲ ಕ್ಲಚ್ ಒತ್ತುವಾಗ ಹಲ್ಲು ಕಚ್ಚಿದ್ದೆ. ಆಮೇಲೆ ದಾರಿಯಲ್ಲಿ ಹತ್ತಿ ತುಂಬಿದ ಬಂಡಿಗಳು, ಅಡ್ಡ ಬಂದ ಎಮ್ಮೆಗಳು. ದೇವದುರ್ಗದಲ್ಲಿ ಸೀಟಿಗಾಗಿ ಜಗಳ, ಅವರಿಗೆ ನನ್ನದೊಂದು ಬೈಗುಳ. ಇಲ್ಲಿ ಬಂದು ಇಂಜಿನ್ ಬಂದ್ ಮಾಡಿದ ಮೇಲೆ ತಿಳಿಯಿತು: ಎಡಗಾಲು ಅಂತ ಒಂದಿದೆ ಅನ್ನುವುದೇ ದಾರಿಯುದ್ದಕ್ಕೂ ನೆನಪಿಗೆ ಬಂದಿರಲಿಲ್ಲ.

ಕೈಯಿಟ್ಟು ನೋಡಿದೆ. ಇದೆ. ಬೆಚ್ಚಗಿದೆ.

ಗೋಪಮ್ಮನಿಗೆ ಇದನ್ನು ಹೇಳಬೇಕು. ಹೇಗೆ ಹೇಳಬೇಕೋ ಇಲ್ಲೇ ಬರೆದು ನೋಡೋಣ ಅಂದರೆ ಆಗಲೇ ಯಂಕೋಬ ಹತ್ತಿ ಸೀಟಿ ಊದುತ್ತಿದ್ದಾನೆ. ತಡೆಯೋ ಮಾರಾಯ, ಇನ್ನೊಂದು ಸಾಲು